ಟರ್ಬೊ ಕಾರಿಗೆ ಇನ್‌ಟೇಕ್ ಬದಲಾಯಿಸಬೇಕು ಅಂತಿದ್ದೇನೆ, ನಿಜಕ್ಕೂ ಪ್ರಯೋಜನ ಇದೆಯಾ?

ಮೂರನೇ ಗೇರ್

ಎಲ್ಲರಿಗೂ ನಮಸ್ಕಾರ. ನನ್ನದು 1.5 ಲೀಟರ್ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಚಕ್ರ ಇರುವ) ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇದೆ. ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ, ಏನೂ ಮಾಡಿಸಿಲ್ಲ.

ಹೋದ ವಾರ ಗೆಳೆಯನ ಕಾರಿನಲ್ಲಿ ಕೂತಿದ್ದೆ. ಅವನು ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬ) ತೆಗೆಸಿ ಓಪನ್ ಫಿಲ್ಟರ್ ಹಾಕಿಸಿದ್ದಾನೆ. ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆ, ಕಾಲು ತೆಗೆದರೆ ಪುಸ್ ಅಂತ ಸದ್ದು. ಅವತ್ತಿನಿಂದ ನನ್ನ ಕಾರು ಸಪ್ಪೆ ಅನ್ನಿಸತೊಡಗಿದೆ.

ಕೇಳಬೇಕಾದದ್ದು ಇಷ್ಟು. ಇನ್‌ಟೇಕ್ (ಎಂಜಿನ್ನಿಗೆ ಗಾಳಿ ಹೋಗುವ ದಾರಿ) ಒಂದನ್ನೇ ಬದಲಾಯಿಸಿದರೆ ಪವರ್ ಬರುತ್ತದೆಯಾ? ಓಪನ್ ಫಿಲ್ಟರ್ ಒಳ್ಳೆಯದಾ, ಇಲ್ಲ ಹಳೇ ಡಬ್ಬದೊಳಗೇ ಒಳ್ಳೆ ಪ್ಯಾನೆಲ್ ಫಿಲ್ಟರ್ ಹಾಕಿದರೆ ಸಾಕಾ? ಪೈಪ್ ದಪ್ಪದ್ದು ಬೇಕಾ? ಹಾಕಿಸಿ ಅನುಭವ ಇರುವವರು ಹೇಳಿ.

ಸಿಳ್ಳೆ ಪ್ರಿಯ

ಹಾಕಿಸಿ ಗುರು, ಯೋಚನೆ ಯಾಕೆ! ನಾನು ಹಾಕಿಸಿ ನಾಲ್ಕು ತಿಂಗಳಾಯಿತು. ಕಾರು ಹಾರುತ್ತಿದೆ. ಮುಂಚೆ ಮೂರನೇ ಗೇರಿನಲ್ಲಿ ಸ್ವಲ್ಪ ಎಳೆದಾಡುತ್ತಿತ್ತು, ಈಗ ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟುತ್ತದೆ. ಟರ್ಬೊಗೆ ಬೇಕಾಗಿರುವುದೇ ಗಾಳಿ. ಜಾಸ್ತಿ ಗಾಳಿ, ಜಾಸ್ತಿ ಪವರ್. ಇದರಲ್ಲಿ ಲೆಕ್ಕ ಹಾಕೋಕೆ ಏನಿದೆ?

ಗ್ರೀಸ್ ಕೈ

ಸ್ವಲ್ಪ ತಡೀರಿ. ಟರ್ಬೊ ಇಲ್ಲದ ಕಾರಿನ ಲೆಕ್ಕವನ್ನು ಟರ್ಬೊ ಕಾರಿಗೆ ಹಾಕಿದರೆ ತಪ್ಪಾಗುತ್ತದೆ.

ಟರ್ಬೊ ಇಲ್ಲದ ಎಂಜಿನ್ ತಾನೇ ಗಾಳಿ ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಅಡ್ಡಿ ಇದ್ದರೆ ಅಷ್ಟು ನೇರವಾಗಿ ಪವರ್ ಖೋತಾ. ಟರ್ಬೊ ಕಾರಿನಲ್ಲಿ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಎಷ್ಟು ಒತ್ತಡ ಬೇಕು ಅನ್ನುವುದನ್ನು ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಮೊದಲೇ ತೀರ್ಮಾನಿಸಿರುತ್ತದೆ. ಅಲ್ಲೊಂದು ಪ್ರೆಶರ್ ಸೆನ್ಸರ್ ಇರುತ್ತದೆ. ಅದನ್ನು ನೋಡಿಕೊಂಡು ವೇಸ್ಟ್‌ಗೇಟ್ (ಟರ್ಬೊನ ತಿರುಗಿಸುವ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ತೆರೆಯುವುದು, ಮುಚ್ಚುವುದು ಮಾಡುತ್ತದೆ. ಫಿಲ್ಟರಿನಲ್ಲಿ ಸ್ವಲ್ಪ ಅಡ್ಡಿ ಇದ್ದರೆ ವೇಸ್ಟ್‌ಗೇಟನ್ನು ಇನ್ನಷ್ಟು ಮುಚ್ಚಿ, ಟರ್ಬೊನ ಜೋರಾಗಿ ತಿರುಗಿಸಿ ಅದೇ ಬೂಸ್ಟ್ (ಹೆಚ್ಚುವರಿ ಒತ್ತಡ) ತಂದುಕೊಡುತ್ತದೆ. ಅಡ್ಡಿ ತೆಗೆದಿರೋ, ವೇಸ್ಟ್‌ಗೇಟ್ ಸ್ವಲ್ಪ ತೆರೆಯುತ್ತದೆ. ಬೂಸ್ಟ್ ಅಷ್ಟೇ.

ಅಂದರೆ ನೀವು ಇನ್‌ಟೇಕ್ ಸುಧಾರಿಸಿದರೆ ಟರ್ಬೊ ಮೇಲಿನ ಹೊರೆ ಇಳಿಯುತ್ತದೆ. ಆ ಉಳಿತಾಯವನ್ನು ಪವರ್ ಆಗಿ ಬಳಸು ಅಂತ ಇಸಿಯುಗೆ ಯಾರೂ ಹೇಳಿರುವುದಿಲ್ಲ. ಅದಕ್ಕೆ ರೀಮ್ಯಾಪ್ ಬೇಕು.

ಮೂರನೇ ಗೇರ್

ಹಾಗಾದರೆ ಪೂರ್ತಿ ದಂಡವಾ ಸರ್? ಕಿಟ್ ಬರುವ ಡಬ್ಬದ ಮೇಲೆ ಇಷ್ಟು ಹಾರ್ಸ್‌ಪವರ್ ಜಾಸ್ತಿ ಅಂತ ಅಚ್ಚು ಹಾಕಿರುತ್ತಾರಲ್ಲ?

ಲೆಕ್ಕದ ಮೇಷ್ಟ್ರು

ಪೂರ್ತಿ ದಂಡ ಅಲ್ಲ. ಎಷ್ಟು ಅಂತ ಲೆಕ್ಕ ಹಾಕಿಯೇ ಬಿಡೋಣ, ನನಗೂ ಬೇರೆ ಕೆಲಸ ಇಲ್ಲ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ನಿಮ್ಮ ಕಾರು 1 ಬಾರ್, ಅಂದರೆ 100 ಕಿಲೋಪಾಸ್ಕಲ್, ಬೂಸ್ಟ್ ಮಾಡುತ್ತದೆ ಅಂತಿಟ್ಟುಕೊಳ್ಳಿ. ಆಗ ಟರ್ಬೊದಿಂದ ಹೊರಗೆ ಬರುವಾಗ 201. ಒಳಗೆ ಯಾವ ಅಡ್ಡಿಯೂ ಇಲ್ಲದಿದ್ದರೆ ಟರ್ಬೊ ಗಾಳಿಯನ್ನು 1.99 ಪಟ್ಟು ಒತ್ತಬೇಕು. ಈಗ ಫಿಲ್ಟರ್, ಪೈಪ್ ಎಲ್ಲ ಸೇರಿ 3 ಕಿಲೋಪಾಸ್ಕಲ್ ತಿಂದವು ಅಂದುಕೊಳ್ಳಿ. ಟರ್ಬೊ ಬಾಯಿಗೆ ಸಿಗುವುದು 98. ಆಗ 2.05 ಪಟ್ಟು ಒತ್ತಬೇಕು. ವ್ಯತ್ಯಾಸ ಸಣ್ಣದು, ಅಲ್ವಾ?

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ, ಟರ್ಬೊ ದಕ್ಷತೆ ಶೇಕಡ 70 ಅಂತ ಹಿಡಿದರೆ ಮೊದಲನೆಯದಕ್ಕೆ ಸುಮಾರು 124 ಡಿಗ್ರಿ, ಎರಡನೆಯದಕ್ಕೆ 128 ಅಥವಾ 129. ಆಮೇಲೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದೆ. ಅದು ಆ ಹೆಚ್ಚುವರಿ ಬಿಸಿಯ ಮುಕ್ಕಾಲು ಭಾಗ ಹೊರಗೆ ಹಾಕುತ್ತದೆ ಅಂದರೆ ಎಂಜಿನ್ನಿಗೆ ತಲುಪುವಾಗ ಒಂದು ಡಿಗ್ರಿ ಆಸುಪಾಸಿನ ವ್ಯತ್ಯಾಸ. ಅದನ್ನು ಕೂತ ಜಾಗದಲ್ಲಿ ಗುರುತಿಸುತ್ತೇನೆ ಅನ್ನುವವರಿಗೆ ದೊಡ್ಡ ನಮಸ್ಕಾರ.

ಇದೇ ಲೆಕ್ಕ ಎರಡು ಕಡೆ ಬದಲಾಗುತ್ತದೆ. ಒಂದು ಎತ್ತರದ ಜಾಗ. 2000 ಮೀಟರ್ ಮೇಲೆ ಹೊರಗಿನ ಒತ್ತಡವೇ 80ಕ್ಕಿಂತ ಸ್ವಲ್ಪ ಕಡಿಮೆ. ಅದೇ 201 ಬೇಕೆಂದರೆ ಎರಡೂವರೆ ಪಟ್ಟು ಒತ್ತಬೇಕು. ಅಲ್ಲಿ ಟರ್ಬೊ ಮೊದಲೇ ಏದುಸಿರು ಬಿಡುತ್ತಿರುತ್ತದೆ, ಒಂದೊಂದು ಕಿಲೋಪಾಸ್ಕಲ್ಲೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ರೀಮ್ಯಾಪ್ ಮಾಡಿಸಿದ ಕಾರು. ಅಡ್ಡಿ ಗಾಳಿಯ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಗಾಳಿ ಶೇಕಡ 30 ಜಾಸ್ತಿಯಾದರೆ ಅಡ್ಡಿ ಸುಮಾರು ಶೇಕಡ 70 ಜಾಸ್ತಿ. ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಕಾರಿನಲ್ಲಿ ತೊಂದರೆ ಕೊಡದ ಪೈಪ್ ಅಲ್ಲಿ ಕತ್ತು ಹಿಸುಕುತ್ತದೆ.

ಹಳೇ ಡೀಸೆಲ್

ಮೇಷ್ಟ್ರೇ, ಬಾನೆಟ್ ಕೆಳಗಿನ ಬಿಸಿ ಗಾಳಿ ಬಗ್ಗೆಯೂ ಹೇಳಿ. ಓಪನ್ ಫಿಲ್ಟರ್ ಅಂದರೆ ಎಂಜಿನ್ ತನ್ನ ಬಿಸಿ ಉಸಿರನ್ನು ತಾನೇ ಕುಡಿದಂತೆ ಅಂತ ಎಲ್ಲರೂ ಹೇಳುತ್ತಾರೆ.

ಲೆಕ್ಕದ ಮೇಷ್ಟ್ರು

ನಿಜ. ಆದರೆ ಟರ್ಬೊ ಕಾರಿನಲ್ಲಿ ಅದರ ಪೆಟ್ಟು ಜನ ಹೇಳುವಷ್ಟು ಇಲ್ಲ. 10 ಡಿಗ್ರಿ ಬಿಸಿಯಾದ ಗಾಳಿ ಒಳಗೆ ಹೋದರೆ ಟರ್ಬೊ ದಾಟಿದ ಮೇಲೆ 13 ಡಿಗ್ರಿ ಜಾಸ್ತಿ. ಇಂಟರ್‌ಕೂಲರ್ ಅದನ್ನೂ ಇಳಿಸಿ 3 ಡಿಗ್ರಿ ಮಾಡಿಬಿಡುತ್ತದೆ. ಟರ್ಬೊ ಇಲ್ಲದ ಕಾರಿಗಾದರೆ ಆ 10 ಡಿಗ್ರಿ ಹೆಚ್ಚುಕಡಿಮೆ ಪೂರ್ತಿ ಎಂಜಿನ್ನಿಗೇ ಹೋಗುತ್ತಿತ್ತು. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತು ಇಂಟರ್‌ಕೂಲರೇ ಕಾದಿದ್ದರೆ ಕಥೆ ಬೇರೆ. ಆಗ ಅದು ಏನನ್ನೂ ತಣಿಸುವುದಿಲ್ಲ.

ಗ್ರೀಸ್ ಕೈ

ಸರಿಯಾಗಿ ಹೇಳಿದಿರಿ. ಈಗ ಮೂರನೇ ಗೇರ್ ಅವರಿಗೆ ನನ್ನ ಸಲಹೆ: ಏನನ್ನೂ ಕೊಳ್ಳುವ ಮೊದಲು ಅಡ್ಡಿ ಎಲ್ಲಿದೆ ಅಂತ ಅಳೆಯಿರಿ. ಫಿಲ್ಟರೇ ಕಳ್ಳ ಅಂತ ಎಲ್ಲರೂ ಮೊದಲೇ ತೀರ್ಪು ಕೊಟ್ಟಿರುತ್ತಾರೆ. ನಾನು ಅಳೆದ ಕಾರುಗಳಲ್ಲಿ ಹೆಚ್ಚಿನ ಸಲ ಅದು ಕಳ್ಳ ಅಲ್ಲ.

ಇದಕ್ಕೆ ಬೇಕಾಗಿರುವುದು ಮೂರು ನಾಲ್ಕು ಮೀಟರ್ ಪಾರದರ್ಶಕ ಸಣ್ಣ ಟ್ಯೂಬ್, ಒಂದು ಮೀಟರ್ ಉದ್ದದ ಹಲಗೆ, ನೀರು, ನೀರಿಗೆ ಎರಡು ಹನಿ ಇಂಕು. ಟ್ಯೂಬನ್ನು ಹಲಗೆ ಮೇಲೆ ಇಂಗ್ಲಿಷಿನ ಯು ಆಕಾರದಲ್ಲಿ ಕಟ್ಟಿ. ಅರ್ಧದಷ್ಟು ನೀರು ತುಂಬಿ. ಒಂದು ತುದಿ ಕಾರಿನೊಳಗೆ ಹಾಗೇ ತೆರೆದಿರಲಿ. ಇನ್ನೊಂದು ತುದಿಯನ್ನು ಇನ್‌ಟೇಕಿನ ಬೇರೆ ಬೇರೆ ಜಾಗಕ್ಕೆ ಜೋಡಿಸಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ. ನೀರು ಎಷ್ಟು ಎಳೆಯಿತು ಅಂತ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ವಿಡಿಯೋ ಮಾಡಲಿ. ನೀವು ರಸ್ತೆ ನೋಡಿ. 10 ಸೆಂಟಿಮೀಟರ್ ನೀರು ಅಂದರೆ ಹತ್ತಿರ ಹತ್ತಿರ 1 ಕಿಲೋಪಾಸ್ಕಲ್.

ಮೂರು ಕಡೆ ಅಳೆಯಿರಿ. ಫಿಲ್ಟರಿಗೆ ಮುಂಚೆ, ಅಂದರೆ ಏರ್‌ಬಾಕ್ಸಿನ ಕೆಳಭಾಗದಲ್ಲಿ. ನೀರು ಬಸಿಯೋಕೆ ಅಲ್ಲೊಂದು ತೂತು ಇರುತ್ತದೆ, ಟ್ಯೂಬ್ ಅದರಲ್ಲಿ ತೂರಿಸಬಹುದು. ಆಮೇಲೆ ಫಿಲ್ಟರ್ ದಾಟಿದ ಮೇಲೆ. ಕೊನೆಗೆ ಟರ್ಬೊ ಬಾಯಿಯ ಹತ್ತಿರ. ಅಲ್ಲಿ ಪೈಪಿಗೆ ಸಣ್ಣ ನಿಪ್ಪಲ್ ಇದ್ದರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸಿಗೆ (ಎಂಜಿನ್ನಿನ ಒಳಗಿನ ಆವಿಯನ್ನು ಈ ಪೈಪಿಗೆ ತರುವ ಕೊಳವೆಗೆ) ಒಂದು ಟಿ ಆಕಾರದ ಜೋಡಣೆ ಹಾಕಿ.

ಟ್ಯೂಬ್ ಗಿಡ್ಡ ಮಾಡಬೇಡಿ. ಗಿಡ್ಡವಾದರೆ ಟರ್ಬೊ ನಿಮ್ಮ ನೀರನ್ನೇ ಕುಡಿಯುತ್ತದೆ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗುವ ಚಕ್ರಕ್ಕೆ ನೀರಿನ ಹನಿಯೂ ಕಲ್ಲಿನ ಹಾಗೆ.

ಸಿಳ್ಳೆ ಪ್ರಿಯ

ಇಷ್ಟೆಲ್ಲ ಯಾರು ಮಾಡುತ್ತಾರೆ ಗುರು. ಹಾಕಿದೆ, ಓಡಿಸಿದೆ, ಖುಷಿಯಾಯಿತು. ಹೀಟ್ ಶೀಲ್ಡ್ ಕೂಡ ಇದೆ ನನ್ನದಕ್ಕೆ.

ಅಂದ ಹಾಗೆ ಒಂದು ವಿಷಯ. ಆಗಾಗ ಚೆಕ್ ಎಂಜಿನ್ ದೀಪ ಬರುತ್ತದೆ. ಸ್ಕ್ಯಾನರಿನಲ್ಲಿ ಪಿ0171 ಅಂತ ತೋರಿಸುತ್ತದೆ. ಅಳಿಸಿದರೆ ಎರಡು ವಾರ ಸುಮ್ಮನಿದ್ದು ಮತ್ತೆ ಬರುತ್ತದೆ. ಸೆನ್ಸರ್ ಹಾಳಾಗಿರಬೇಕು. ಯಾವುದು ಬದಲಾಯಿಸಲಿ?

ಲಾಗ್ ಪುಸ್ತಕ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇದನ್ನು ನೋಡಿ ಬರೆಯಲೇಬೇಕಾಯಿತು. ಸಿಳ್ಳೆ ಪ್ರಿಯ ಅವರೇ, ಯಾವ ಸೆನ್ಸರನ್ನೂ ಕೊಳ್ಳಬೇಡಿ. ಪಿ0171 ಅಂದರೆ ಮಿಶ್ರಣ ತೆಳುವಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಅಂತ. ನಿಮ್ಮ ಕಿಟ್ಟಿನಲ್ಲಿ ಮಾಫ್ ಸೆನ್ಸರ್ (ಒಳಗೆ ಹೋಗುವ ಗಾಳಿ ಎಷ್ಟು ಅಂತ ಹೇಳುವ ಸೆನ್ಸರ್) ಕೂರುವ ಪೈಪಿನ ಒಳವ್ಯಾಸ ಎಷ್ಟಿದೆ? ಹಳೆಯದು ಎಷ್ಟಿತ್ತು?

ಸಿಳ್ಳೆ ಪ್ರಿಯ

ಹಳೇ ಪೈಪ್ ಗ್ಯಾರೇಜಿನಲ್ಲೇ ಇತ್ತು, ಅಳೆದೆ. ಅದು 70 ಮಿ.ಮೀ., ಹೊಸದು 76. ಬರೀ 6 ಮಿ.ಮೀ. ದೊಡ್ಡದು.

ಲಾಗ್ ಪುಸ್ತಕ

ಆ ಬರೀ 6 ಮಿ.ಮೀ. ಅಲ್ಲೇ ಎಲ್ಲ ಇದೆ.

ಮಾಫ್ ಸೆನ್ಸರ್ ಗಾಳಿಯನ್ನು ತೂಗುವುದಿಲ್ಲ. ಅದರೊಳಗೆ ಕಾಯಿಸಿದ ಒಂದು ತಂತಿ ಅಥವಾ ಪದರ ಇದೆ. ಪಕ್ಕದಲ್ಲಿ ಹಾಯುವ ಗಾಳಿ ಅದನ್ನು ಎಷ್ಟು ತಣಿಸಿತು ಅಂತ ನೋಡಿ, 70 ಮಿ.ಮೀ. ಪೈಪಿನಲ್ಲಿ ಇಷ್ಟು ತಣಿದರೆ ಒಟ್ಟು ಗಾಳಿ ಇಷ್ಟು ಅಂತ ಇಸಿಯು ಊಹಿಸುತ್ತದೆ. 76 ಮಾಡಿದಾಗ ಪೈಪಿನ ಬಾಯಿಯ ವಿಸ್ತೀರ್ಣ ಶೇಕಡ 18 ಜಾಸ್ತಿಯಾಯಿತು. ಅಷ್ಟೇ ಗಾಳಿ ಹೋದರೂ ವೇಗ ಸುಮಾರು ಶೇಕಡ 15 ಕಡಿಮೆ. ಇಸಿಯು ಪಾಪ, ಗಾಳಿಯೇ ಕಡಿಮೆ ಅಂದುಕೊಂಡು ಪೆಟ್ರೋಲ್ ಕಡಿಮೆ ಹಾಕುತ್ತದೆ. ಆಕ್ಸಿಜನ್ ಸೆನ್ಸರ್ ಹಿಂದಿನಿಂದ ಸಾಲದು, ಸಾಲದು ಅಂತ ಕೂಗುತ್ತದೆ. ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡ ಎಷ್ಟು ತಿದ್ದುತ್ತಿದೆ ಅನ್ನುವ ಅಂಕಿ) ಏರುತ್ತಾ ಹೋಗಿ ಕೊನೆಗೆ ದೀಪ. ನಿಮ್ಮ ಲಾಂಗ್ ಟರ್ಮ್ ಟ್ರಿಮ್ 15 ದಾಟಿರಬೇಕು, ನೋಡಿ ಹೇಳಿ.

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇನ್ನೊಂದು ಮಾತು ಇದೆ. ಕಾರು ಹಾರುತ್ತಿದೆ ಅಂದಿರಲ್ಲ, ಅದು ಸುಳ್ಳಿರಲಿಕ್ಕಿಲ್ಲ. ಗಾಳಿ ಕಡಿಮೆ ಅಂದರೆ ಹೊರೆ ಕಡಿಮೆ ಅಂತ ಇಸಿಯು ಲೆಕ್ಕ ಹಾಕುತ್ತದೆ. ಹೊರೆ ಕಡಿಮೆಯಿದ್ದಾಗ ಸ್ಪಾರ್ಕನ್ನು ಮುಂಚೆ ಕೊಡಬಹುದು, ಹಾಗಾಗಿ ಇಗ್ನಿಷನ್ ಮುಂದಕ್ಕೆ ತಳ್ಳುತ್ತದೆ. ಚುರುಕು ಅನ್ನಿಸುತ್ತದೆ. ನಿಜದಲ್ಲಿ ಸಿಲಿಂಡರಿನಲ್ಲಿ ಪೂರ್ತಿ ಬೂಸ್ಟ್ ತುಂಬಿದೆ, ಪೆಟ್ರೋಲ್ ತೆಳು, ಸ್ಪಾರ್ಕ್ ಬೇಗ. ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಆಗೋಕೆ ಇನ್ನೇನು ಬೇಕು? ನಾಕ್ ಸೆನ್ಸರ್ ಕಾಪಾಡುತ್ತಿದೆ ಅಷ್ಟೇ.

ಸಿಳ್ಳೆ ಪ್ರಿಯ

ಟ್ರಿಮ್ 17 ಇದೆ.

ಈಗ ಏನು ಮಾಡಲಿ?

ಲಾಗ್ ಪುಸ್ತಕ

ಹಳೇ 70 ಮಿ.ಮೀ. ತುಂಡನ್ನು ವಾಪಸ್ ಹಾಕಿ, ಅದರ ಮುಂದಿನ ಜಾಲರಿ ಸಮೇತ. ಆ ಜಾಲರಿ ಗಾಳಿಯನ್ನು ನೇರ ಮಾಡೋಕೆ ಇದೆ, ಅಡ್ಡಿ ಅಂತ ಕಿತ್ತು ಬಿಸಾಡಬೇಡಿ. ಅಥವಾ ಮಾಫ್ ಲೆಕ್ಕವನ್ನು ಇಸಿಯುವಿನಲ್ಲಿ ತಿದ್ದಿಸಿ. ಅಲ್ಲಿಯವರೆಗೆ ಪೂರ್ತಿ ಒತ್ತಬೇಡಿ. ಮಾಫ್ ಇಲ್ಲದೆ ಬರೀ ಮ್ಯಾನಿಫೋಲ್ಡ್ ಒತ್ತಡ ನೋಡಿ ಗಾಳಿ ಲೆಕ್ಕ ಹಾಕುವ ಕಾರುಗಳಿಗೆ ಈ ತಾಪತ್ರಯ ಇಲ್ಲ. ನಿಮ್ಮದು ಆ ಜಾತಿಯದ್ದಲ್ಲ.

ಪೈಪ್ ಬದಲಾಯಿಸಿದ ಮೇಲೂ ಟ್ರಿಮ್ ಇಳಿಯದಿದ್ದರೆ ಮಾಫ್‌ಗೂ ಟರ್ಬೊಗೂ ನಡುವೆ ಎಲ್ಲೋ ಕ್ಲ್ಯಾಂಪ್ ಸಡಿಲ ಇದೆ. ಅಲ್ಲಿ ಒಳಗೆ ನುಗ್ಗುವ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ.

ಹಳೇ ಡೀಸೆಲ್

ಫಿಲ್ಟರ್ ಬಗ್ಗೆ ನನ್ನದೂ ಎರಡು ಮಾತು. ಧೂಳಿನ ರಸ್ತೆಯಲ್ಲಿ ಓಡಿಸುವವನು ನಾನು.

ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್ ಒಂದು ಕಾಲದಲ್ಲಿ ಹಾಕಿದ್ದೆ. ತೊಳೆದು ಮತ್ತೆ ಬಳಸಬಹುದು ಅನ್ನೋ ಆಸೆ. ಮೊದಲ ಸಲ ತೊಳೆದಾಗ ಎಣ್ಣೆ ಕೈತಪ್ಪಿ ಜಾಸ್ತಿ ಹಾಕಿದೆ. ಅದು ಹೋಗಿ ಮಾಫ್ ತಂತಿಗೆ ಅಂಟಿ, ಅದರ ಮೇಲೆ ನುಣುಪು ಧೂಳು ಕೂತು, ಗಾಡಿ ಎಳೆಯುವುದನ್ನೇ ಮರೆತುಬಿಟ್ಟಿತು. ಮಾಫ್ ಕ್ಲೀನರ್ ಸ್ಪ್ರೇ ಹೊಡೆದು ಸರಿ ಮಾಡಿದೆ. ಬ್ರೇಕ್ ಕ್ಲೀನರ್, ಕಾರ್ಬ್ ಕ್ಲೀನರ್ ಹೊಡೆಯಬೇಡಿ, ಒಳಗಿನ ಪ್ಲಾಸ್ಟಿಕ್, ಅಂಟು ಹಾಳಾಗುತ್ತವೆ. ತಂತಿಯನ್ನು ಬೆರಳಿನಲ್ಲಿ, ಬಡ್ಸಿನಲ್ಲಿ ಮುಟ್ಟಲೂ ಬೇಡಿ.

ಆಮೇಲೆ ಫಿಲ್ಟರ್ ದಾಟಿದ ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಕೆಂಪು ಪುಡಿ ಬಂತು! ಅಷ್ಟು ಧೂಳು ಟರ್ಬೊ ಎಲೆಗಳ ಮೇಲೆ, ಪಿಸ್ಟನ್ ರಿಂಗುಗಳ ಮೇಲೆ ಹೋಗುತ್ತಿತ್ತು. ಅವತ್ತೇ ಕಾಗದದ ಫಿಲ್ಟರಿಗೆ ವಾಪಸ್. ಕಾಗದದ್ದು ಸ್ವಲ್ಪ ಧೂಳು ಹಿಡಿದ ಮೇಲೆ ಇನ್ನೂ ಚೆನ್ನಾಗಿ ಸೋಸುತ್ತದೆ, ಹಾಗಾಗಿ ವಾರಕ್ಕೊಮ್ಮೆ ತೆಗೆದು ಕುಟ್ಟುವ ಚಟವನ್ನೂ ಬಿಟ್ಟೆ. ಕೊಳ್ಳುವವರು ಐಎಸ್ಒ 5011 (ಏರ್ ಫಿಲ್ಟರ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಪರೀಕ್ಷೆ ಮಾಡಿದ ಅಂಕಿ ಕೊಟ್ಟಿದ್ದಾರಾ ನೋಡಿ. ಗಾಳಿ ಎಷ್ಟು ಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಧೂಳು ಎಷ್ಟು ಬಿಡುತ್ತದೆ ಅಂತ ಹೇಳುವವರು ಕಡಿಮೆ.

ಫಿಲ್ಟರನ್ನು ಬಂಪರ್ ಹಿಂದೆ ಕೆಳಗೆ ಇಳಿಸುವ ಕಿಟ್ಟುಗಳೂ ಇವೆ. ನೀರು ನಿಂತ ರಸ್ತೆಯಲ್ಲಿ ಒಂದು ಸಲ ಫಿಲ್ಟರ್ ಮುಳುಗಿತೋ, ಎಂಜಿನ್ ನೀರು ಕುಡಿದು ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನನಗಂತೂ ಬೇಡಪ್ಪ.

ಮೂರನೇ ಗೇರ್

ಅಳೆದೆ! ಭಾನುವಾರ ಬೆಳಗ್ಗೆ ತಮ್ಮನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಹಲಗೆ ಅವನ ಮಂಡಿಗಳ ಮಧ್ಯೆ. ಮೊದಲ ತಿರುವಿನಲ್ಲೇ ಇಂಕಿನ ನೀರು ಅವನ ಪ್ಯಾಂಟಿನ ಮೇಲೆ.

ಟರ್ಬೊ ಬಾಯಿಯಲ್ಲಿ 15.5 ಸೆಂಟಿಮೀಟರ್ ಬಂತು. ಕಡಿಮೆ ಅಲ್ವಾ ಇದು?

ಗ್ರೀಸ್ ಕೈ

ಹೇಗೆ ಓದಿದಿರಿ? ನಡುವಿನ ಗೆರೆಯಿಂದ ಮೇಲಕ್ಕೋ, ಇಲ್ಲ ಎರಡೂ ಕಡೆಯ ನೀರಿನ ನಡುವಿನ ಅಂತರವೋ?

ಮೂರನೇ ಗೇರ್

ಅಯ್ಯೋ. ನಡುವಿನ ಗೆರೆಯಿಂದ. ಒಂದು ಕಡೆ ಏರಿದಷ್ಟೇ ಇನ್ನೊಂದು ಕಡೆ ಇಳಿದಿರುತ್ತದೆ, ಎರಡನ್ನೂ ಸೇರಿಸಬೇಕು ಅಲ್ವಾ. ಹಾಗಾದರೆ 31.

ಎಲ್ಲವನ್ನೂ ದುಪ್ಪಟ್ಟು ಮಾಡಿ ಬರೆಯುತ್ತೇನೆ. ಏರ್‌ಬಾಕ್ಸ್ ಕೆಳಗೆ, ಫಿಲ್ಟರಿಗೆ ಮುಂಚೆ 5. ಫಿಲ್ಟರ್ ದಾಟಿದ ಮೇಲೆ 11. ಟರ್ಬೊ ಬಾಯಿಯಲ್ಲಿ 31. ಎಲ್ಲ 5500 ಆರ್‌ಪಿಎಂ ಹತ್ತಿರ.

ಲೆಕ್ಕದ ಮೇಷ್ಟ್ರು

31 ಅಂದರೆ 3 ಕಿಲೋಪಾಸ್ಕಲ್. ನಾನು ಸುಮ್ಮನೆ ಹಿಡಿದ ಅಂಕಿಯೇ ಬಂತಲ್ಲ! ಈಗ ಬಿಡಿಸಿ ನೋಡಿ. ಹೊರಗಿನ ಗಾಳಿ ಒಳಗೆ ಬರುವ ಮೂತಿಯಲ್ಲಿ 5. ಫಿಲ್ಟರಿನಲ್ಲಿ 6. ಉಳಿದ 20 ಫಿಲ್ಟರ್ ಆದ ಮೇಲಿನ ಪೈಪಿನಲ್ಲಿ.

ಗ್ರೀಸ್ ಕೈ

ನೋಡಿದಿರಾ. ಎಂಥಾ ಫಿಲ್ಟರ್ ಹಾಕಿದರೂ ಆ 6ರಲ್ಲಿ ನಿಮಗೆ ಎರಡೋ ಮೂರೋ ಸಿಗಬಹುದು. ಪೈಪ್ ಹೇಗಿದೆ? ಮಡಿಕೆ ಮಡಿಕೆ ಇರುವ ರಬ್ಬರ್, ಟರ್ಬೊ ಹತ್ತಿರ ಚಪ್ಪಟೆಯಾಗಿ ತಿರುಗುತ್ತದೆಯಾ?

ಮೂರನೇ ಗೇರ್

ಹೌದು ಸರ್, ಯಾರೋ ಕಾಲಿಟ್ಟು ತುಳಿದ ಹಾಗೆ ಚಪ್ಪಟೆ. ಅಷ್ಟು ಚಪ್ಪಟೆ ಯಾಕೆ ಮಾಡುತ್ತಾರೆ?

ಗ್ರೀಸ್ ಕೈ

ಜಾಗ ಇಲ್ಲ. ಎಂಜಿನ್ ಅಲುಗಿದಾಗ ಬಗ್ಗಬೇಕು, ಅದಕ್ಕೆ ಮಡಿಕೆ. ಸದ್ದೂ ಕಡಿಮೆ ಇರಬೇಕು. ಸ್ಟಾಕ್ ಪವರಿಗೆ ಅದು ಸಾಕು.

ಆ ಪೈಪ್ ಮಾತ್ರ ಬದಲಾಯಿಸುವುದಾದರೆ ಎರಡು ಮೂರು ವಿಷಯ ನೋಡಿಕೊಳ್ಳಿ. ಸಿಲಿಕಾನ್ ಹೋಸ್ ಆದರೆ ಒಳಗೆ ತಂತಿ ಸುರುಳಿ ಇರಲೇಬೇಕು. ಇದು ಎಳೆತದ ಕಡೆಯ ಪೈಪ್, ಮೆತ್ತಗಿದ್ದರೆ ಒಳಕ್ಕೆ ಕುಸಿದು ಹಳೆಯದಕ್ಕಿಂತ ಕೆಡುಕು. ಬ್ರೀದರ್ ಹೋಸಿಗೆ, ಬೈಪಾಸ್ ವಾಲ್ವಿನಿಂದ (ಕಾಲು ತೆಗೆದಾಗ ಉಳಿದ ಒತ್ತಡ ಬಿಡುವ ಕವಾಟದಿಂದ) ವಾಪಸ್ ಬರುವ ಗಾಳಿಗೆ ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಬಾಯಿ ಇರಬೇಕು. ಪುಸ್ ಸದ್ದಿಗೆ ಆಸೆಪಟ್ಟು ಆ ಗಾಳಿಯನ್ನು ಹೊರಗೆ ಬಿಡಬೇಡಿ. ಮಾಫ್ ಅದನ್ನು ಆಗಲೇ ಎಣಿಸಿದೆ, ಅದಕ್ಕೆ ತಕ್ಕ ಪೆಟ್ರೋಲ್ ಬೀಳುತ್ತದೆ, ಗಾಳಿ ಇರುವುದಿಲ್ಲ. ಸಿಗ್ನಲ್ ಹತ್ತಿರ ಬಂದು ನಿಲ್ಲುವಾಗ ಎಂಜಿನ್ ಆಫ್ ಆಗುವ ಕಾರುಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ.

ಕೊನೆಯದು ನನ್ನ ಸ್ವಂತ ಪೆದ್ದುತನ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಟರ್ಬೊ ಬಾಯಿಗೆ ಏನೂ ಬೀಳದಿರಲಿ ಅಂತ ಬಟ್ಟೆ ತುರುಕಿದ್ದೆ. ಊಟಕ್ಕೆ ಹೋಗಿ ಬಂದು ಪೈಪ್ ಬಿಗಿದೆ. ಸ್ಟಾರ್ಟ್ ಮಾಡಿದಾಗ ಏನೂ ಗೊತ್ತಾಗಲಿಲ್ಲ. ರಸ್ತೆಗೆ ಹೋಗಿ ಒತ್ತಿದಾಗ ಒಂದು ಕಿರುಚು, ಆಮೇಲೆ ಬೂಸ್ಟೇ ಇಲ್ಲ. ಬಿಚ್ಚಿದರೆ ಚಕ್ರದ ತುದಿಗಳು ಕೋಳಿ ಕಚ್ಚಿದ ಎಲೆಯ ಹಾಗಿದ್ದವು. ಅವತ್ತಿನಿಂದ ಬಟ್ಟೆಗೆ ಒಂದು ಗಜ ಕೆಂಪು ದಾರ ಕಟ್ಟಿ ಬಾನೆಟ್ ಅಂಚಿಗೆ ಇಳಿಬಿಡುತ್ತೇನೆ.

ಮೂರನೇ ಗೇರ್

ಮೂರು ವಾರ ಆಯಿತು, ಕೆಲಸ ಮುಗಿಯಿತು. ಪೈಪ್ ಮಾತ್ರ ಬದಲಾಯಿಸಿದೆ. ಏರ್‌ಬಾಕ್ಸ್, ಮಾಫ್ ತುಂಡು ಎಲ್ಲ ಹಳೆಯದೇ, ಫಿಲ್ಟರ್ ಮಾತ್ರ ಹೊಸ ಕಾಗದದ್ದು. ಕೆಂಪು ದಾರವನ್ನೂ ಕಟ್ಟಿದ್ದೆ.

ಟರ್ಬೊ ಬಾಯಿಯಲ್ಲಿ 31 ಇದ್ದದ್ದು 17 ಆಯಿತು. ಈ ಸಲ ಸರಿಯಾಗಿ ಓದಿದೆ. ಇಸಿಯು ಲಾಗಿನಲ್ಲಿ 5000 ಆರ್‌ಪಿಎಂಗೆ ವೇಸ್ಟ್‌ಗೇಟ್ ಡ್ಯೂಟಿ (ಅದನ್ನು ಮುಚ್ಚಿಡಲು ಇಸಿಯು ಕೊಡುವ ಆಜ್ಞೆ, ಶೇಕಡದಲ್ಲಿ) 62 ಇದ್ದದ್ದು 57ಕ್ಕೆ ಬಂತು. ಬೂಸ್ಟ್ ಅಷ್ಟೇ. ಟ್ರಿಮ್ ಹಳೇ ಜಾಗದಲ್ಲೇ, ಎರಡು ಮೂರರ ಒಳಗೆ. ಮೂರನೇ ಗೇರಿನಲ್ಲಿ 2000ದಿಂದ 5500ರವರೆಗೆ ಒಂದೇ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಐದೈದು ಸಲ ಓಡಿಸಿದೆ. ಮುಂಚಿನ ಸಮಯಕ್ಕೂ ಈಗಿನದಕ್ಕೂ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಗ್ರೀಸ್ ಕೈ ಸರ್ ಮೊದಲನೇ ದಿನ ಹೇಳಿದ್ದೇ ಆಯಿತು.

ಆದರೆ ಸಿಳ್ಳೆ ಬಂದಿದೆ. ಜೋರಾಗಿ ಅಲ್ಲ, ಕಿಟಕಿ ಇಳಿಸಿ ಗೋಡೆ ಪಕ್ಕ ಹೋದರೆ ಕೇಳಿಸುತ್ತದೆ. ನನಗೆ ಅಷ್ಟು ಸಾಕು.

ಸಿಳ್ಳೆ ಪ್ರಿಯ

ನಾನೂ ಮಾಫ್ ತುಂಡನ್ನು ಹಳೆಯದು ಹಾಕಿದೆ. ಟ್ರಿಮ್ 17ರಿಂದ 4ಕ್ಕೆ ಇಳಿಯಿತು, ದೀಪ ಬಂದಿಲ್ಲ. ಕಾರು ಮುಂಚಿನಷ್ಟು ಚುರುಕಿಲ್ಲ ಅನ್ನುವುದೂ ನಿಜ, ಮೇಷ್ಟ್ರ ಮುಂದೆ ಒಪ್ಪಿಕೊಳ್ಳೋಕೆ ಸ್ವಲ್ಪ ನಾಚಿಕೆ. ಓಪನ್ ಫಿಲ್ಟರ್ ಮಾತ್ರ ತೆಗೆಯಲ್ಲ. ಸದ್ದು ಬೇಕು.

ಮೂರನೇ ಗೇರ್ ಅವರೇ, ಆ ಹಲಗೆ, ಟ್ಯೂಬ್ ಇನ್ನೂ ಇದೆಯಾ? ಅಳತೆ ಎಷ್ಟೆಷ್ಟು ಹಾಕಿದಿರಿ? ನಾನೂ ಒಂದು ಮಾಡಿಕೊಳ್ಳುತ್ತೇನೆ.

ಮೂರನೇ ಗೇರ್

ಇದೆ. ಹಲಗೆ 1 ಮೀಟರ್, ಟ್ಯೂಬ್ 4 ಮೀಟರ್, ಒಳವ್ಯಾಸ 6 ಮಿ.ಮೀ. ಫೋಟೋ ಹಾಕುತ್ತೇನೆ. ಇಂಕು ಮಾತ್ರ ಹಾಕಬೇಡಿ, ತಮ್ಮನ ಪ್ಯಾಂಟಿನ ಕಲೆ ಇನ್ನೂ ಹೋಗಿಲ್ಲ. ಮುಂದಿನ ಸಲ ಬರಲ್ಲ ಅಂತಿದ್ದಾನೆ.